ತೀರ್ಥ ಕಟ್ಟಿದ ಭಾಷೆ

ನಾನು ಮೊದಲ ಸಲ ಮನೆ ಬಿಟ್ಟದ್ದು ಕೈಲ್ ಮುಹೂರ್ತದ ಹಬ್ಬದ ಮಾರನೇ ದಿನ, ಎಂಟನೇ ಕ್ಲಾಸಿನ ಅರ್ಧದಲ್ಲಿ. ಆಮೇಲೆ ಎಲ್ಲೂ ಕಾಲು ನಿಂತಿಲ್ಲ. ಈ ಸಲ ಗಾಳಿಬೀಡಿನಲ್ಲಿ, ಚಿಕ್ಕಮ್ಮನ ಮಗ ತೀರ್ಥಪ್ರಸಾದನ ಮನೆಯಲ್ಲಿದ್ದೇನೆ.

ತೀರ್ಥನಿಗೊಂದು ಹುಚ್ಚು. ಇಲ್ಲದ ಒಂದು ಲೋಕ, ಅಲ್ಲಿನ ಹಿರಿಯರು ಆಡುವ ಒಂದು ಭಾಷೆ, ಎಲ್ಲ ಅವನೇ ಕಟ್ಟಿದ್ದು. ಮಗಳು ಶೋಭಿತಾಳಿಗೂ ಕಲಿಸಿದ್ದ. ಅಪ್ಪ ಮಗಳು ಅದರಲ್ಲೇ ಗುಸುಗುಸು. ಹೆಂಡತಿ ಶ್ವೇತ ರೇಗುವಳು, "ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ?"

ಗುರುಕಾರಣರಿಗೆ ಬಡಿಸುವ ರಾತ್ರಿ ಬಂತು. ಸತ್ತ ಹಿರಿಯರಿಗೆ ಎಲೆ ಹಾಕಿ, ಕೋಳಿ, ಕಳ್ಳು ಇಟ್ಟು, ಮನೆಯ ಗಂಡಸು "ಬನ್ನಿ, ಉಣ್ಣಿ" ಎಂದು ಕರೆದು ಬಾಗಿಲು ಹಾಕಿ ಹೊರಗೆ ಬರಬೇಕು. ಮಗಳು ನಗಲಿ ಅಂತ ತೀರ್ಥ ತನ್ನ ಭಾಷೆಯಲ್ಲಿ ಕರೆದುಬಿಟ್ಟ.

"ಓಮೆ... ಓಮೆ ಇಲೂನ್..."

"ಎಂಥ ಮಾರಾಯ, ಅಜ್ಜಂದಿರಿಗೆ ಅರ್ಥ ಆಗ್ತದಾ?" ಅಂದೆ ನಾನು.

"ಕಲ್ತ್ಕೊಳ್ಳಲಿ ಬಿಡಿ ಅಣ್ಣ."

ಬಾಗಿಲ ಹಿಂದೆ ಚಪ್... ಚಪ್... ಎಂದು ಚಪ್ಪರಿಸುವ ಸದ್ದು. ಬೆಕ್ಕು ಅಂದುಕೊಂಡೆವು.

ಮರುದಿನ ನಾನೂ ತೀರ್ಥನೂ ಮಡಿಕೇರಿಯಿಂದ ಬರುವಾಗ ಕತ್ತಲಾಗಿತ್ತು. ಮನೆಯ ಹತ್ತಿರದ ಹಳೇ ಬಾವಿ ದಾಟುತ್ತಿದ್ದೆವು. ಕಿರ್ರ್... ರಾಟೆ ತಿರುಗಿತು. ಅದಕ್ಕೆ ಹಗ್ಗವೇ ಇಲ್ಲ. ಕೆಳಗಿಂದ ದನಿ ಬಂತು. ಒಂದಲ್ಲ... ಹಲವು ಗಂಟಲು ಕೂಡಿದ ಹಾಗೆ.

"ಓಮೆ..."

ತೀರ್ಥ ನನ್ನ ತೋಳು ಹಿಡಿದ. "ಅಣ್ಣ... ನನ್ನ ಭಾಷೆ."

"ಏನಂತಾರೆ?"

"ಅರ್ಧ ಪದ ನಾನು ಮಾಡಿದ್ದಲ್ಲ... ಮಗು... ಮಗು ಅಂತಾರೆ..."

ಓಡಿದೆವು. ಜಗಲಿಯಲ್ಲಿ ಶೋಭಿತಾ ಬಾವಿಯ ಕಡೆ ಮುಖ ಮಾಡಿ ಕೂತಿದ್ದಳು. ಉತ್ತರ ಕೊಡುತ್ತಿದ್ದಳು.

ಅವತ್ತಿನಿಂದ ಅವಳು ನಮ್ಮ ಮಾತು ಬಿಟ್ಟಳು. ಆಡುವುದೆಲ್ಲ ಅದೇ ಭಾಷೆ. ಅಪ್ಪನಿಗೂ ತಿಳಿಯದಷ್ಟು ಮುಂದೆ ಹೋಗಿದ್ದಳು. ತೀರ್ಥ ಮತ್ತೆ ಎಲೆ ಹಾಕಿ ಹಿರಿಯರಲ್ಲಿ ತಪ್ಪಾಯ್ತೆಂದ. ಏನೂ ಆಗಲಿಲ್ಲ. ಶ್ವೇತ ಮಗುವಿನ ತಲೆ ಬಾಚುತ್ತಾ ಬೇಡುವಳು, "ಒಂದ್ಸಲ ಅಮ್ಮಾ ಅನ್ನು ಪುಟ್ಟೀ..." ಮಗು ತುಟಿ ಬಿಗಿದುಕೊಳ್ಳುವುದು.

ಇವತ್ತು ಬೆಳಿಗ್ಗೆ ಶೋಭಿತಾ ನನ್ನ ಅಂಗಿ ಎಳೆದು ಏನೋ ಹೇಳಿದಳು. ನಿಧಾನಕ್ಕೆ... ತುಂಬಾ ಹೊತ್ತು.

ನಾನು ಶ್ವೇತಳಿಗೆ ಹೇಳಿದೆ, "ನಿನ್ನನ್ನ ಅಮ್ಮಾ ಅಂತ ಕರೆದ್ರೆ ಬಾವಿಲಿರೋರೂ ನಿನ್ನ ಕಡೆ ತಿರುಗಿ ನೋಡ್ತಾರಂತೆ. ಅದಕ್ಕೇ ಕರೆಯೋದಿಲ್ವಂತೆ."

ಶ್ವೇತಳ ಕೈಯ ಬಾಚಣಿಗೆ ಅಲ್ಲೇ ನಿಂತಿತು. "ಭಾವಾ... ನಿಮಗೆ ಹೇಗೆ ತಿಳೀತು?"

ನಾನು ಶಾಲೆಯ ಪಾಠವೇ ತಲೆಗೆ ಹತ್ತದವನು. ಆ ಭಾಷೆಯ ಒಂದು ಪದ ಕಲಿತವನಲ್ಲ. ಇನ್ನೊಂದು ರಾತ್ರಿ ಇಲ್ಲಿದ್ದರೆ ಬಾವಿಯ ಮಾತೂ ಪೂರ್ತಿ ತಿಳಿದುಬಿಡುತ್ತದೆ. ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೇನೆ. ಸಂಪಾಜೆ ಕಡೆಗೆ ಬಸ್ಸಿದೆ.

ಸುಳ್ಳು ಅನ್ನುವವರು ಬಂದು ನೋಡಲಿ. ಶ್ವೇತ ಜಗಲಿಯಲ್ಲಿ ಮಗುವಿನ ಜಡೆ ಹೆಣೆಯುತ್ತಿದ್ದಾಳೆ... ಅಮ್ಮಾ ಅನ್ನು ಎಂದು ಈಗ ಕೇಳುತ್ತಿಲ್ಲ.