ಒಂದು ಗೇಣು ಮತ್ತು ಎರಡು ಮೊಳ ತಂತಿಯ ವಿಷಯ

ಮೊದಲಿಗೆ ನನ್ನ ಅಕ್ಷರಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ಐದನೇ ತರಗತಿ. ಎದುರಿಗೆ ಕೂತು ಹೇಳು ಎಂದರೆ ನನಗೆ ಮಾತು ಹೊರಡುವುದಿಲ್ಲ. ಅದನ್ನು ನೋಡಿ ಇನ್‌ಸ್ಪೆಕ್ಟರ್ ಮೇಡಂ ಹಾಳೆ ಕೊಟ್ಟು, ನೀನೇ ನಿಧಾನವಾಗಿ ಬರೆ, ಗಂಟೆ ಮತ್ತು ಅಳತೆ ಮಾತ್ರ ತಪ್ಪಬಾರದು ಎಂದಿದ್ದಾರೆ.

ಹೆಸರು, ಮನೆ ನಂಬರ್ ಮೇಲಿನ ಪಟ್ಟಿಯಲ್ಲಿ ತುಂಬಿದ್ದೇನೆ. ವಯಸ್ಸು ಇಪ್ಪತ್ತೆರಡು. ಉದ್ಯೋಗ, ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸ, ಆರು ವರ್ಷದಿಂದ. ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು. ನಾನು ಬರೆದು ತಿಳಿಸಬೇಕಾದ್ದು ಏನೆಂದರೆ, ಪಾರ್ಕಿನ ಗೇಟು ಕಾಯುವ ತಾತನ ಮೇಲೆ ನನ್ನ ಅಣ್ಣ ಭಾನುವಾರ ಕೊಟ್ಟ ದೂರು ಸರಿಯಲ್ಲ. ತಂತಿ ಕತ್ತರಿಸಿದ್ದು ತಾತ ಅಲ್ಲ, ನಾನು.

ಅಣ್ಣ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಾನೆ. ಅವನಿಗೆ ಹ್ಯಾಮ್ ರೇಡಿಯೊ ಲೈಸೆನ್ಸ್ ಇದೆ. ಅಂದರೆ ತನ್ನದೇ ರೇಡಿಯೊದಿಂದ ಲೈಸೆನ್ಸ್ ಇರುವ ಬೇರೆ ದೇಶದವರ ಜೊತೆ ಟಿಕ್ ಟಿಕ್ ಎಂದು ಕೀಲಿ ಒತ್ತಿ ಮಾತಾಡಬಹುದು. ರೇಡಿಯೊ ಊಟದ ಡಬ್ಬಿಯಷ್ಟಿದೆ. ಅದರ ಶಕ್ತಿ ಐದು ವ್ಯಾಟ್, ಮಲಗುವ ಕೋಣೆಯ ಸಣ್ಣ ಬಲ್ಬಿನಷ್ಟು. ಅಷ್ಟು ಕಡಿಮೆ ಶಕ್ತಿ ದೂರ ಹೋಗಬೇಕಾದರೆ ಆಂಟೆನಾ ತಂತಿಯ ಉದ್ದ ಸರಿಯಾಗಿರಬೇಕು. ತಂತಿಯ ಒಂದು ತುದಿ ರೇಡಿಯೊ ಕಡೆಗೆ, ಇನ್ನೊಂದು ತುದಿ ನೂಲಿನಲ್ಲಿ ಮರದ ಕೊಂಬೆಗೆ. ತಂತಿಗೂ ನೂಲಿಗೂ ನಡುವೆ ಒಂದು ಗುಂಡಿ ಇರುತ್ತದೆ, ಕರೆಂಟು ನೂಲಿಗೆ ಹೋಗದಿರಲಿ ಎಂದು. ಕೋಟಿನ ದೊಡ್ಡ ಗುಂಡಿ ಆಗುತ್ತದೆ ಎಂದು ಹೇಳಿದವಳು ನಾನು. ಗುಂಡಿ ತಂದವಳೂ ಕಟ್ಟಿದವಳೂ ನಾನೇ.

ನಾಲ್ಕು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣನ ಜೊತೆ ಪಾರ್ಕಿಗೆ ಹೋದೆ. ಮರಳು ತುಂಬಿದ ಸಣ್ಣ ಚೀಲಕ್ಕೆ ನೂಲು ಕಟ್ಟಿ, ಆರು ಮೀಟರ್ ಎತ್ತರದ ಕೊಂಬೆಯ ಮೇಲೆ ಹಾಯುವಂತೆ ಎಸೆಯುವುದು ನನ್ನ ಕೆಲಸ. ಮೊದಲ ಎಸೆತಕ್ಕೇ ಹಾಯುತ್ತಿತ್ತು. ತಂತಿ ಅಳೆಯುತ್ತಿದ್ದದ್ದು ನನ್ನ ಅಂಗಡಿಯ ಟೇಪಿನಲ್ಲಿ. ಒಮ್ಮೆ ನಾನೂ ಲೈಸೆನ್ಸ್ ಪರೀಕ್ಷೆ ಬರೆಯಲೇ ಎಂದು ಕೇಳಿದಾಗ, ನಿನಗ್ಯಾಕೆ ಆ ತಲೆನೋವು, ನಾನಿದ್ದೀನಲ್ಲ ಎಂದು ಅಣ್ಣ ಹೇಳಿದ. ನಾನು ಟೇಪು ಸುತ್ತಿಕೊಂಡೆ.

ಅತ್ತಿಗೆ ಮನೆಗೆ ಬಂದು ಹನ್ನೊಂದು ತಿಂಗಳು. ಅವರು ಕಾಲೇಜು ಓದಿದವರು. ಅಣ್ಣ ದಿನಾ ಸಂಜೆ ಏಳರಿಂದ ಎಂಟರವರೆಗೆ ಅಡುಗೆಮನೆಯ ಮೇಜಿನ ಮೇಲೆ ಅವರಿಗೆ ಆ ಪರೀಕ್ಷೆಯ ಪಾಠ ಹೇಳಿದ. ಆ ಹೊತ್ತಿನಲ್ಲಿ ನಾನು ಅದೇ ಮೇಜಿನಿಂದ ತಟ್ಟೆ ಎತ್ತುತ್ತಿದ್ದೆ. ಅವರು ಮೊದಲ ಸಲಕ್ಕೇ ಪಾಸಾದರು. ಆಮೇಲೆ ರೇಡಿಯೊ ಮುಂದೆ ಅವರು ಕೂತರು, ಚೀಲ ಎಸೆಯುವವರೂ ಅವರೇ ಆದರು. ರೇಡಿಯೊಗೆ ಬಿಸಿಲು ಬೀಳದಂತೆ ಕೊಡೆ ಹಿಡಿಯುವುದು ನನ್ನ ಪಾಲಿಗೆ ಬಂತು. ಅತ್ತಿಗೆಗೆ ನಾಲ್ಕು ಎಸೆತ ಬೇಕು. ಒಂದು ಸಲ ಚೀಲ ಹೋಗಿ ಗೇಟು ತಾತನ ಟೋಪಿಗೆ ಬಿತ್ತು. ತಾತ ಟೋಪಿ ಕೊಡವಿ, ಮಗಳೇ, ಮರ ಆ ಕಡೆ ಇದೆ ಎಂದರು. ಅಣ್ಣ ನಗಲಿಲ್ಲ. ನಾನು ಒಬ್ಬಳೇ ನಕ್ಕೆ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು.

ಕಳೆದ ತಿಂಗಳ ಮೊದಲ ವಾರ ಅತ್ತಿಗೆ ಹೊಸ ತಂತಿ ಕತ್ತರಿಸಿ ಗುಂಡಿಯನ್ನೂ ಅವರೇ ಕಟ್ಟಿದರು. ಉದ್ದ ಹತ್ತು ಮೀಟರ್ ಮೂವತ್ತೈದು ಸೆಂಟಿಮೀಟರ್. ಅಳೆದದ್ದು ನನ್ನ ಟೇಪಿನಲ್ಲೇ, ನನ್ನನ್ನು ಕೇಳದೆ. ಸದ್ಯಕ್ಕೆ ಉದ್ದವಾಗಿಯೇ ಇರಲಿ, ನೋಡಿಕೊಂಡು ಆಮೇಲೆ ಕತ್ತರಿಸೋಣ ಎಂದು ಅಣ್ಣ ಹೇಳಿದ್ದು ನನಗೆ ಕೇಳಿಸಿತ್ತು. ಎರಡನೇ ಶನಿವಾರ ಸಂಜೆ 5.40ಕ್ಕೆ ಇಬ್ಬರೂ ಸಾಮಾನು ತರಲು ಹೋದರು. ತಂತಿ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ನಾನು ಗುಂಡಿ ಬಿಚ್ಚಿ, ನನ್ನ ಕೈಯ ಒಂದು ಗೇಣು, ಅಂದರೆ ಇಪ್ಪತ್ತೆರಡು ಸೆಂಟಿಮೀಟರ್ ತಂತಿ ಕತ್ತರಿಸಿ, ಗುಂಡಿಯನ್ನು ಮತ್ತೆ ಕಟ್ಟಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನನ್ನದು ಅತ್ತಿಗೆ ಮೇಲಿನದು, ತಂತಿ ಮೇಲೆ ಹೋಯಿತು. ಅವರ ಕೈಯಲ್ಲಿ ಅದು ಮಾತಾಡಬಾರದು ಎಂಬುದೇ ಉದ್ದೇಶ. ಬೇರೆ ಉದ್ದೇಶ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಮರುದಿನ ಭಾನುವಾರ ಬೆಳಿಗ್ಗೆ 7.50ಕ್ಕೆ ತಂತಿ ಏರಿಸಿದರು. 8.04ಕ್ಕೆ ಉತ್ತರ ಬಂತು, ಏಳು ಸಾವಿರ ಕಿಲೋಮೀಟರ್ ಆಚೆಯ ಒಂದು ದ್ವೀಪದಿಂದ. ನಾಲ್ಕು ವರ್ಷದಲ್ಲಿ ನಮಗೆ ಅಷ್ಟು ದೂರದಿಂದ ಉತ್ತರ ಬಂದಿರಲಿಲ್ಲ. ಅಣ್ಣ ತಂತಿಯನ್ನು ಒಂದು ಸಲ ನೋಡಿ, "ಸರಿಯಾಗಿ ಕತ್ತರಿಸಿದ್ದೀಯಲ್ಲೇ, ನಂಗೆ ಹೇಳಲೇ ಇಲ್ಲ" ಎಂದು ಅತ್ತಿಗೆಯ ಬೆನ್ನು ತಟ್ಟಿದ. ಅತ್ತಿಗೆ ತಲೆ ಎತ್ತಿ ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕರು. ಅದು ತಮ್ಮ ಕೆಲಸ ಅಲ್ಲ ಎಂದು ಅಣ್ಣನಿಗೆ ಹೇಳಲಿಲ್ಲ. ಹಾಳು ಮಾಡಲು ಹೋಗಿ ನಾನೇ ಉದ್ಧಾರ ಮಾಡಿದ್ದೆ. ಅದನ್ನು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಕೊಡೆ ಹಿಡಿದು ನಿಂತಿದ್ದೆ.

ಮುಂದಿನ ಮೂರು ಭಾನುವಾರವೂ ಹಾಗೆಯೇ ಆಯಿತು. ಅಣ್ಣ ತನ್ನ ಅಂಗಡಿಗೆ ಬಂದವರಿಗೆಲ್ಲ ನಮ್ಮ ಮನೆಯವಳ ಕೈಗುಣ ಎಂದು ಹೇಳಿಕೊಂಡು ತಿರುಗಿದ. ನಮ್ಮ ಹೊಲಿಗೆ ಮಾಸ್ಟರಿಗೂ ಹೇಳಿದ. ಮಾಸ್ಟರು ಅದನ್ನು ನನಗೆ ಹೇಳಿದರು. ಅವತ್ತು ಒಂದು ಗಂಡಸರ ಅಂಗಿಗೆ ಗುಂಡಿಗಳನ್ನು ಎಡಗಡೆ ಹಾಕಿ ಬೈಸಿಕೊಂಡೆ.

ಮೊನ್ನೆ ಶನಿವಾರ ಸಂಜೆ, ಅದೇ ಸುಮಾರು 5.40, ಅದೇ ತಂತಿಯಿಂದ ಎರಡು ಮೊಳ ಕತ್ತರಿಸಿದೆ. ಟೇಪಿನಲ್ಲಿ ತೊಂಬತ್ತು ಸೆಂಟಿಮೀಟರ್. ಈ ಸಲ ಉದ್ಧಾರ ಆಗಬಾರದು ಎಂದು ಅಳೆದೇ ಕತ್ತರಿಸಿ, ಗುಂಡಿಯನ್ನು ಮತ್ತೆ ಕಟ್ಟಿದೆ.

ಭಾನುವಾರ 7.25ಕ್ಕೆ ಪಾರ್ಕು ತಲುಪಿದೆವು. ತಂತಿ ಸರಿ ಇದೆಯೇ ಎಂದು ತೋರಿಸುವ ಮೀಟರನ್ನು ಅಣ್ಣ ಮನೆಯಲ್ಲೇ ಬಿಟ್ಟಿದ್ದ. 7.30ರಿಂದ 7.50ರವರೆಗೆ ರೇಡಿಯೊ, ತಂತಿ ಇದ್ದ ದೊಡ್ಡ ಚೀಲವನ್ನು ಗೇಟಿನ ಪಕ್ಕದ ತಾತನ ಕೋಣೆಯಲ್ಲಿ ಇಟ್ಟು ಮೂವರೂ ಚಹಾಕ್ಕೆ ಹೋದೆವು. ಚೀಲದಲ್ಲಿ ಏನಿದೆ ಎಂದು ಗೊತ್ತಿದ್ದೂ ನಾನು ಎರಡು ಬನ್ನು ತಿಂದೆ. ತಂತಿ ಏರಿಸಿ ಅತ್ತಿಗೆ ಕೀಲಿ ಒತ್ತತೊಡಗಿದರು. 8.02ಕ್ಕೆ ರೇಡಿಯೊದಿಂದ ಸುಟ್ಟ ವಾಸನೆ ಬಂತು. ಅಣ್ಣ ಮುಚ್ಚಳ ತೆಗೆದ. ಅವನೇ ಎರಡು ವರ್ಷ ಕೂತು ಕಟ್ಟಿದ ರೇಡಿಯೊ ಅದು. ಬೆರಳಿಟ್ಟು ನೋಡಿ, ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತ. ತಂತಿಯ ಉದ್ದ ತೀರಾ ತಪ್ಪಿದರೆ ಶಕ್ತಿ ಹೊರಗೆ ಹೋಗದೆ ಹಿಂತಿರುಗಿ ರೇಡಿಯೊ ಸುಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೆಲಸ ಮಾಡುವುದಿಲ್ಲ ಎಂದಷ್ಟೇ ಅಂದುಕೊಂಡಿದ್ದೆ.

ಆಮೇಲೆ ಅಣ್ಣ ತಂತಿ ಇಳಿಸಿ ಮೊಳ ಹಾಕಿದ. ಗಿಡ್ಡವಾಗಿರುವುದು ತಿಳಿಯಿತು. ತಾತನ ಕೋಣೆಯಲ್ಲಿ ಗಿಡ ಸವರುವ ಕತ್ತರಿ ಇತ್ತು. ಹಿಂದಿನ ವಾರ ತಾತ, ದಾರಿಗೆ ಅಡ್ಡ ಕಟ್ಟಬೇಡಿ, ಯಾರದಾದರೂ ಕುತ್ತಿಗೆಗೆ ಬಂದೀತು ಎಂದು ಗದರಿದ್ದರು. ಅಣ್ಣ ಅದನ್ನೆಲ್ಲ ಜೋಡಿಸಿ ಕೇಳಿದ. ತಾತ, "ನಿನ್ನ ದಾರ ಕತ್ತರಿಸಿ ನಾನೇನು ಸೊಂಟಕ್ಕೆ ಕಟ್ಕೊಳ್ಳಲಾ?" ಎಂದರು. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. 9.15ಕ್ಕೆ ಇದೇ ಠಾಣೆಗೆ ಬಂದು ದೂರು ಕೊಟ್ಟ. ನಾನು ಬಾಗಿಲಿನಿಂದ ಮೂರು ಹೆಜ್ಜೆ ಆಚೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಸೋಮವಾರ ಪಾರ್ಕಿನ ಕಚೇರಿಯವರು ತಾತನಿಗೆ, ಈ ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರಂತೆ. ಮಂಗಳವಾರ ಸಂಜೆ ಆರು ಗಂಟೆಗೆ ಆ ದಾರಿಯಲ್ಲಿ ಬರುವಾಗ ನೋಡಿದೆ. ತಾತನ ಸ್ಟೂಲನ್ನು ಕೋಣೆಯೊಳಗೆ ತಲೆಕೆಳಗು ಮಾಡಿ ಇಟ್ಟಿದ್ದರು.

6.30ಕ್ಕೆ ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. ತಮಗೆ ಮೊದಲನೇ ಸಲವೇ ಗೊತ್ತಾಯಿತು ಎಂದರು. ಗುಂಡಿಯನ್ನು ತಾವು ಕಟ್ಟಿದರೆ ಮೂರು ದಿನಕ್ಕೆ ಬಿಚ್ಚಿಕೊಳ್ಳುತ್ತದೆ, ಇದು ಹೊಲಿಗೆ ಅಂಗಡಿಯ ಗಂಟು ಎಂದು ನೋಡಿದೊಡನೆ ತಿಳಿಯಿತು, ನಾನು ಸಹಾಯಕ್ಕೆಂದೇ ಕತ್ತರಿಸಿದ್ದೇನೆ ಎಂದು ತಾವು ಅಂದುಕೊಂಡಿದ್ದಾಗಿ ಹೇಳಿದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮಣ್ಣ ದಿನಕ್ಕೆ ಹತ್ತು ಸಲ ನಿನ್ನ ಮಾತೇ ಆಡ್ತಾರೆ. ಅವಳು ಹೀಗೆ ಎಸೀತಿದ್ಲು, ಅವಳು ಹೀಗೆ ಸುತ್ತುತಿದ್ಲು ಅಂತ. ಒಂದು ಸಲ ನನ್ನ ಹೊಗಳಿದ್ರು. ಅದು ನಿನ್ನದು ಅಂತ ಗೊತ್ತಿದ್ದೂ ಇಟ್ಕೊಂಡೆ ಕಣೇ."

ಭಾನುವಾರವೂ ಅದೇ ಗಂಟು ನೋಡಿ, ಕತ್ತರಿಸಿದ್ದು ತಾತ ಅಲ್ಲ ಎಂದು ಅವರಿಗೆ ತಿಳಿದಿತ್ತಂತೆ. ಎರಡನೆಯದನ್ನು ಹೇಳಿದರೆ ಮೊದಲನೆಯದೂ ಹೊರಗೆ ಬರುತ್ತದೆ ಎಂದು ಹೆದರಿ ಸುಮ್ಮನಿದ್ದರಂತೆ. ನನ್ನ ವಿಷಯ ಅಣ್ಣ ಹಾಗೆ ಮಾತಾಡುತ್ತಿದ್ದ ಎಂದು ನನಗೆ ಯಾರೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಏಳಕ್ಕೆ ಇಬ್ಬರೂ ಸೇರಿ ಅಣ್ಣನಿಗೆ ಹೇಳಿದೆವು. ಎಷ್ಟು ಕತ್ತರಿಸಿದೆ ಎಂದು ಮಾತ್ರ ಕೇಳಿದ. ಹೇಳಿದೆ. ಚಪ್ಪಲಿ ಮೆಟ್ಟಿಕೊಂಡು ತಾತನ ಮನೆ ಕಡೆ ಹೋದ. ಅಲ್ಲಿಂದ ನೇರ ಠಾಣೆಗೆ ಬರುತ್ತಾನೆ. ಅತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.

ನನಗೆ ಏನು ಶಿಕ್ಷೆಯೋ ಆಗಲಿ. ತಾತ ನಾಳೆಯೇ ಸ್ಟೂಲಿನ ಮೇಲೆ ಕೂರುವಂತೆ ಪಾರ್ಕಿನ ಕಚೇರಿಗೆ ಒಂದು ಕಾಗದ ಬರೆದುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬುಧವಾರ ಬೆಳಿಗ್ಗೆ 11.20ಕ್ಕೆ, ಠಾಣೆಯ ಮುಂದಿನ ಕೋಣೆಯಲ್ಲಿ, ಯಾರೂ ಹೇಳಿಕೊಡದೆ ನಾನೇ ಬರೆದದ್ದು. ಮೇಡಂ ಗಟ್ಟಿಯಾಗಿ ಓದಿದಾಗ ಕೇಳಿಸಿಕೊಂಡೆ. ಎಲ್ಲ ನಡೆದ ಹಾಗೆಯೇ ಇದೆ. ಕತ್ತರಿಸಿದ ಎರಡು ತುಂಡುಗಳನ್ನು ಇದರ ಜೊತೆ ಕೊಟ್ಟಿದ್ದೇನೆ.

ಇವತ್ತು ಬೆಳಿಗ್ಗೆಯ ಇನ್ನೊಂದು ವಿಷಯ ಬಿಟ್ಟುಹೋಗಿತ್ತು, ಅದನ್ನೂ ಸೇರಿಸುತ್ತೇನೆ. ಬಟ್ಟೆ ಹೆಚ್ಚಿದ್ದರೆ ಮಡಚು, ಕತ್ತರಿಗೆ ಹಿಂದಕ್ಕೆ ಬರುವ ದಾರಿ ಗೊತ್ತಿಲ್ಲ ಎಂದು ನಮ್ಮ ಮಾಸ್ಟರು ಹೇಳುತ್ತಾರೆ. 8.10ಕ್ಕೆ ಹೊಸ ತಂತಿ ತೆಗೆದುಕೊಂಡು ಹತ್ತು ಮೀಟರ್ ಮೂವತ್ತೈದು ಸೆಂಟಿಮೀಟರ್ ಅಳೆದೆ. ತುದಿಯ ಒಂದು ಗೇಣನ್ನು ಕತ್ತರಿಸದೆ ಹಿಂದಕ್ಕೆ ಮಡಚಿ ನೂಲು ಸುತ್ತಿದೆ. ಗುಂಡಿಯನ್ನು ಅತ್ತಿಗೆಯ ಕೈಯಲ್ಲೇ ಕಟ್ಟಿಸಿದೆ. ಎರಡು ಸಲ ಬಿಚ್ಚಿಕೊಂಡಿತು, ಮೂರನೇ ಸಲ ನಿಂತಿತು. ನನ್ನ ಗಂಟಿನಷ್ಟು ಬಿಗಿ ಇಲ್ಲ.

(ಸಹಿ)