ಗುರುದೇವಿ ಟೀಚರ್ ಮತ್ತು ನಮ್ಮ ಶಾಲೆಯ ಎರಡು ಗೇಟು

ಎಲ್ಲರಿಗೂ ಶರಣು. ಗುರುದೇವಿ ಟೀಚರ್ ಅವರ ಯಜಮಾನರಾದ ಚಂದ್ರಾಮ ಅವರೇ, ಮಗಳು ಸುವರ್ಣಾ, ಮಂಗಳೂರಿನಿಂದ ಬಂದು ನಮ್ಮವರೇ ಆಗಿರುವ ಪ್ರಿನ್ಸಿಪಾಲ್ ಸಿಸ್ಟರ್, ಸಹೋದ್ಯೋಗಿಗಳೇ — ನಾನು ಅಂಬಾದಾಸ, ಈ ಕಾನ್ವೆಂಟಿನ ಪಿ.ಟಿ. ಮಾಸ್ತರ. ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ದನಿ ತಗ್ಗಿಸಿ ಮಾತಾಡಬೇಕು, ಗೊತ್ತು. ಇವತ್ತು ನನ್ನ ಕೈಲಿ ಆಗುವುದಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಸಹಿಸಿಕೊಳ್ಳಿ.

ಗುರುದೇವಿ ಟೀಚರ್ ಇತಿಹಾಸವನ್ನು ಓದಿ ಹೇಳುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದರು. ನಿಜಾಮರ ಕಾಲ. ಸಮುದ್ರ ದಾಟಿ ಬಂದ ಸಿಸ್ಟರ್‌ಗಳು. ಊರಿನ ಭಾಷೆ ಬಾರದು, ಬಿಸಿಲು ತಾಳದು. ಪರದೆ ಕಟ್ಟಿದ ಎತ್ತಿನ ಬಂಡಿಯಲ್ಲಿ ಹುಡುಗಿಯರು ಬಂದರೆ, ಬಂಡಿಯಿಂದ ಕ್ಲಾಸಿನ ಬಾಗಿಲವರೆಗೆ ಈ ಸಿಸ್ಟರ್‌ಗಳೇ ಎರಡೂ ಕಡೆ ಚಾದರ ಹಿಡಿದು ನಿಲ್ಲುತ್ತಿದ್ದರಂತೆ — ಹೀಗೆ! ಟೀಚರ್ ಸೆರಗು ಚಾಚಿ ಹಿಡಿದರೆ ಮಕ್ಕಳು ಅದರ ಮರೆಯಲ್ಲಿ ಕಿಲಕಿಲ ಓಡುತ್ತಿದ್ದರು. ಒಮ್ಮೆ ನನ್ನನ್ನೇ ಎತ್ತು ಮಾಡಿದರು. "ಎತ್ತಿನ ಕೊರಳಾಗ ಸೀಟಿ ಯಾಕ್ರಿ ಮಾಸ್ತರ, ತೆಗೀರಿ ಅದನ್ನ" ಎಂದು ಬೈದರು ಬೇರೆ!

ಆ ಸಿಸ್ಟರ್‌ಗಳು ಇಲ್ಲಿ ಎರಡು ಶಾಲೆ ತೆರೆದರು. ಮುಂದೆ ಫೀಸು ಕೊಡುವವರದು, ಆ ಫೀಸಿನಲ್ಲೇ ಹಿಂದೆ ಬಡಮಕ್ಕಳದು. ನಡುವೆ ಗೋಡೆ. ಗೇಟೂ ಎರಡು.

ಈ ಪಾಠವನ್ನು ಟೀಚರ್ ಸಂಜೆ ಶಾಲೆಯಲ್ಲೂ ಮಾಡಿದರು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರ ಮಕ್ಕಳಿಗಾಗಿ ಅವರೇ ಶುರು ಮಾಡಿದ ಶಾಲೆ ಅದು. ಪಾಠ ಮುಗಿಯಿತು. ಗಾರೆ ಕೆಲಸದ ಕಲ್ಲೇಶನ ಮಗಳು ಪಿಂಕಿ ಎದ್ದು ನಿಂತಳು.

"ಟೀಚರ್ರೀ, ಹಿಂದಿನ ಗೇಟ್ ಅಂದ್ರ ನಾವು ಬರ್ತೀವಲ್ಲ, ಅದಽ ಏನ್ರಿ?"

"ಹೌದವ್ವಾ, ಅದಽ" ಎಂದರು ಟೀಚರ್.

ಮರುದಿನ ಪ್ರಿನ್ಸಿಪಾಲ್ ಸಿಸ್ಟರ್ ಹತ್ತಿರ ಹೋಗಿ, ಈ ಮಕ್ಕಳನ್ನು ದೊಡ್ಡ ಗೇಟಿನಿಂದ ಬಿಡಿ ಎಂದು ಕೇಳಿದರು. ಸಿಸ್ಟರ್, ತಪ್ಪು ತಿಳಿಯಬೇಡಿ, ಹೇಳಿಯೇ ಬಿಡುತ್ತೇನೆ — ಮೊದಲಿನಿಂದ ನಡೆದುಬಂದ ಪದ್ಧತಿ, ಪಾಲಕರು ಒಪ್ಪುವುದಿಲ್ಲ ಎಂದಿರಿ ನೀವು. ಟೀಚರ್ ಜಗಳ ಆಡಲಿಲ್ಲ. "ಆತು ಸಿಸ್ಟರ್, ಹಂಗಾದ್ರ ನಾನೂ ಹಿಂದಿಂದನಽ ಬರ್ತೀನಿ" ಎಂದರು. ಬಂದರು ಕೂಡ! ಇಷ್ಟು ಹಿರಿಯ ಟೀಚರ್, ಸೀರೆ ಎತ್ತಿ ಹಿಡಿದು, ಕಸದ ತೊಟ್ಟಿ ದಾಟಿ, ಜನರೇಟರ್ ಪಕ್ಕದಿಂದ. ಸ್ವಲ್ಪ ದಿನಕ್ಕೆ ಅವರ ಹಿಂದೆ ನಾನು. ಆಮೇಲೆ ಅರ್ಧ ಸ್ಟಾಫ್ ರೂಮು!

ಹಳೆಯ ಸಿಸ್ಟರ್‌ಗಳ ಮೇಲೆ ಅವರಿಗೆ ಸಿಟ್ಟಿತ್ತೇ? ಇಲ್ಲರೀ. ಕೇಳಿದ್ದಕ್ಕೆ ನನ್ನನ್ನೇ ಗದರಿಸಿದರು. "ಗ್ವಾಡಿ ಕಟ್ಟಿದ್ರು, ಖರೆ. ಆದ್ರ ಗ್ವಾಡಿ ಹಿಂದ ಸಾಲಿನೂ ಕಟ್ಟಿದ್ರಲ್ಲ ಮಾಸ್ತರ! ಆವಾಗ ಮತ್ಯಾರು ಕಟ್ಟಿದ್ರು? ಅವರು ಅರ್ಧಾ ಮಾಡ್ಯಾರ. ಉಳಿದದ್ದು ನಮ್ಮ ಕೆಲಸ ಐತಿ."

ಆ ಉಳಿದದ್ದನ್ನು ನೋಡದೆ ಹೋಗಿಬಿಟ್ಟರು. ಹೋದ ಗುರುವಾರ ಹೃದಯ ನಿಂತಿತು. ಭಾಳ ಸಂಕಟವಾಗುತ್ತದೆ. ಸುವರ್ಣಾ, ನಿನ್ನ ಮುಂದೆ ಅಳಬಾರದು ಅಂದುಕೊಂಡಿದ್ದೆ, ತಾಯಿ —

ಇರಲಿ. ಈಗ ಕೇಳಿ, ನನ್ನ ದನಿ ಯಾಕೆ ತಗ್ಗುತ್ತಿಲ್ಲ ಅಂತ! ನಾನು ಕುಣಿಯುವುದೊಂದೇ ಬಾಕಿ! ಸಭೆ ಶುರುವಾಗುವ ಮುಂಚೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಮಾಸ್ಟ್ರೇ, ಇವತ್ತಿನಿಂದ ದೊಡ್ಡ ಗೇಟು ಆ ಮಕ್ಕಳಿಗೂ. ನಾನೇ ಪಾಲಕರಿಗೆ ಹೇಳುತ್ತೇನೆ" ಎಂದರು. ತಿರುಗಿ ನೋಡಿ — ವಾಚ್‌ಮನ್ ತಾಯಪ್ಪ ಗೇಟಿನ ಎರಡೂ ಬಾಗಿಲು ತೆಗೆದು ನಿಂತಿದ್ದಾನೆ. ಹೊರಗೆ ಸಂಜೆ ಶಾಲೆಯ ಮಕ್ಕಳ ಸಾಲು, ಎಲ್ಲರಿಗಿಂತ ಮುಂದೆ ಪಿಂಕಿ. ಮುಂದಿನ ಕುರ್ಚಿಗಳೆಲ್ಲ ಯಾಕೆ ಖಾಲಿ ಎಂದು ಕೇಳುತ್ತಿದ್ದಿರಲ್ಲ, ಅವು ಅವರವು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಈ ಮೌನಕ್ಕೆ ನಾನು ಗಡಿಯಾರ ನೋಡುವುದಿಲ್ಲ, ಸೀಟಿಯನ್ನೂ ಊದುವುದಿಲ್ಲ. ಕೊನೆಯ ಮಗು ಒಳಗೆ ಬಂದು ಕುರ್ಚಿಯಲ್ಲಿ ಕೂರುವವರೆಗೆ ಟೀಚರ್ ಅವರನ್ನು ನೆನೆಯುತ್ತ ನಿಂತಿರೋಣ.

ತಾಯಪ್ಪಾ — ಬಿಡಪ್ಪ ಮಕ್ಕಳನ್ನ.