ಉಪ್ಪು ನೋಡುವವನು

ಆರ್ಟೀಸಿಯಾದ ದಿನಸಿ ಅಂಗಡಿಯಲ್ಲಿ ಸಾಲು ಸರಿಯುತ್ತಲೇ ಇರಲಿಲ್ಲ. ಮುಂದೆ ಖರ್ಜೂರದ ಡಬ್ಬಿ ಹಿಡಿದು ನಿಂತಿದ್ದ ತಾಯಿ, ಮಗ ಕನ್ನಡದಲ್ಲೇ ಜಗಳಕ್ಕಿಳಿದಿದ್ದರು. ನಿರುಪಮಾ ಫೋನ್ ನೋಡುವವಳಂತೆ ತಲೆ ತಗ್ಗಿಸಿ ಕಿವಿಗೊಟ್ಟಳು.

“ಕೆಲಸ ಬಿಟ್ಟೇ ಬಂದ್ಯಾ, ಅಯ್ಮಾನ್?”

“ಇನ್ನೇನ್ ಮಾಡ್ಲಿ ಅಮ್ಮಿ? ರಂಜಾನ್ ರೋಜಾ ಇದೆ, ಉಪವಾಸ, ಸೂಪ್ ರುಚಿ ನೋಡಲ್ಲ ಅಂದೆ. ಚೆಫ್ ಎಲ್ಲರೆದುರು ಕೂಗಾಡಿದ್ರು.”

“ನಾಲಿಗೆಗೆ ತಾಗಿಸಿ ಉಗಿದಿದ್ರೆ ರೋಜಾ ಮುರೀತಿರಲಿಲ್ಲ ಕಣೋ. ಚೆಫ್ ಕಷ್ಟ ನಿನಗೊಬ್ಬನಿಗೇ ಗೊತ್ತು.”

“ಕೋವಿಡ್‌ನಲ್ಲಿ ಅವರಿಗೆ ರುಚಿ ಹೋದಾಗಿಂದ ನಾನೇ ಉಪ್ಪು ನೋಡಿ ಕಣ್ಸನ್ನೆ ಮಾಡ್ತಿದೀನಿ. ಆದ್ರೂ ಜಂಬ ನೋಡಿ! ಹದಿನಾರಕ್ಕೇ ಸೌಟು ಹಿಡಿದೋನು, ಲಂಡನ್‌ನಲ್ಲಿ ಎರಡು ರೆಸ್ಟೋರೆಂಟ್ ನಡೆಸಿದೋನು, ನನಗೇ ಎದುರಾಡ್ತೀಯಾ ಅಂದ್ರು. ರೇಗಿತು. ನೀವೇ ನೋಡಿ ಅಂತ ಸೌಟು ಮುಂದೆ ಹಿಡಿದೆ.”

“ಅಷ್ಟು ಜನರೆದುರು?”

“ಹೂಂ.”

“ನೋಡಿದ್ರಾ?”

“ನೋಡಿದ್ರು. ಸರಿಯಾಗಿದೆ, ಬಡಿಸಿ ಅಂದ್ರು.” ಮಗನ ದನಿ ಇಳಿಯಿತು. “ಅದಕ್ಕೆ ಯಾರೂ ಉಪ್ಪೇ ಹಾಕಿರಲಿಲ್ಲ ಅಮ್ಮಿ.”

ತಾಯಿ ಬಿಲ್ ಕಟ್ಟಿ, ಚೀಲ ಎತ್ತಿಕೊಂಡರು.

“ನಡಿ, ಸ್ಯಾನ್ ಡಿಯಾಗೋಗೆ, ಚೆಫ್ ಹತ್ರ ವಾಪಸ್ ಡ್ರೈವ್ ಮಾಡು. ನಿನ್ನ ರೋಜಾ ಸಂಜೆಗೆ ಮುಗಿಯುತ್ತೆ. ಅವರದ್ದು ಯಾವಾಗ ಮುಗಿಯುತ್ತೋ.”